ಹಿಂಜರಿಕೆ ಸೊನ್ನೆ

ಬೆರಳಿಗೆ ಎಮರಿ ಕಾಗದ ತಿಕ್ಕುವುದನ್ನು ಗುರುಸಿದ್ಧ ಬಿಟ್ಟು ಅಂದಿಗೆ ಹದಿನೇಳು ದಿನ ಆಗಿತ್ತು. ಹನ್ನೊಂದು ವರ್ಷ ತಪ್ಪದೆ ಮಾಡಿಕೊಂಡು ಬಂದ ಕೆಲಸ ಅದು. ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ಅವನು ದುಡಿಯುವ ವರ್ಕ್‌ಶಾಪಿನಲ್ಲಿ ಫಿಟ್ಟರುಗಳೆಲ್ಲ ಬೆಳಿಗ್ಗೆ ಒಳಗೆ ಕಾಲಿಟ್ಟವರೇ ಕಬ್ಬಿಣ ಉಜ್ಜುವ ಆ ನಾನೂರು ನಂಬರಿನ ಕಾಗದದ ಚೂರಿನ ಮೇಲೆ ತೋರುಬೆರಳ ತುದಿಯನ್ನು ನಾಲ್ಕು ಸಲ ಎಳೆಯುತ್ತಿದ್ದರು. ದೇವರ ಪಟಕ್ಕೆ ಊದಿನಕಡ್ಡಿ ಹಚ್ಚುವುದು ಆಮೇಲೆ. ಕಬ್ಬಿಣದ ಮೇಲಿನ ಕೂದಲೆಳೆಯಷ್ಟು ತರಿಯನ್ನು ಅಳತೆಯ ಯಂತ್ರ ಹಿಡಿಯುವುದಕ್ಕೆ ಮುಂಚೆ ಬೆರಳು ಹಿಡಿಯಬೇಕು. ಅದಕ್ಕೆ ತುದಿಯ ಚರ್ಮ ತೆಳ್ಳಗಿರಬೇಕು. ಬಸಣ್ಣೆಪ್ಪ ಮೇಸ್ತ್ರಿ ಇದನ್ನು ಯಾರಿಗೂ ಪಾಠ ಮಾಡಿ ಹೇಳಿಕೊಟ್ಟವನಲ್ಲ. ಹೊಸಬ ಬಂದರೆ ಅವನ ಕೈಗೆ ಕಾಗದದ ಚೂರು ತುರುಕಿ, "ಮಾರಿ ತೊಳಕೊಂಡಿ ಹೌದಲ್ಲೋ? ಹಂಗ ಬೆರಳೂ ತೊಳಕೋ" ಅಂದುಬಿಡುತ್ತಿದ್ದ.

ಈಗ ಗುರುಸಿದ್ಧ ಆ ಬೆರಳನ್ನು ಕೆಡಿಸಿಕೊಳ್ಳುತ್ತಿದ್ದ. ಕಾಗದ ತಿಕ್ಕುವುದನ್ನು ಬಿಟ್ಟದ್ದಷ್ಟೇ ಅಲ್ಲ, ಬೆಳಿಗ್ಗೆ ಎದ್ದು ಅವ್ವನ ಖಾನಾವಳಿಯ ಒಲೆಯ ಮುಂದೆ ಕುಳಿತು ಹಂಚಿನ ಮೇಲಿನ ಜೋಳದ ರೊಟ್ಟಿಯನ್ನು ಬರಿಗೈಯಲ್ಲಿ ತಿರುವಿ ಹಾಕುತ್ತಿದ್ದ. ಮೊದಲ ವಾರ ಬೊಬ್ಬೆ ಎದ್ದವು. ಬೊಬ್ಬೆ ಒಡೆದು ಒಣಗಿದವು. ಒಣಗಿದ್ದರ ಮೇಲೆ ಮತ್ತೆ ಬಿಸಿ ತಾಗಿತು. ಈಗ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರೆ ಯಾರದೋ ಬೆರಳನ್ನು ಮುಟ್ಟಿದ ಹಾಗೆ ಇರುತ್ತಿತ್ತು.

"ನಿನಗೇನ ಹುಚ್ಚ ಹಿಡದೈತೇನೋ ಯಪ್ಪಾ?" ಅವ್ವ ಶಾಂತವ್ವ ಹಿಟ್ಟು ನಾದುತ್ತಲೇ ಕೇಳಿದಳು. "ಗಂಡಸ ಆಗಿ ರೊಟ್ಟಿ ಬಡಿಯಾಕ ಕುಂತಿ. ಊಟಕ್ಕ ಬಂದವ್ರು ನಗತಾರ."

"ನಗಲಿ ಬಿಡು. ಇನ್ನ ಹತ್ತ ದಿನ ಐತಿ."

ಇನ್ನು ಹತ್ತು ದಿನಕ್ಕೆ ವಿಚಾರಣೆ ಇತ್ತು. ಒಳಕೋಣೆಯಲ್ಲಿ ಅಕ್ಕ ನೀಲವ್ವ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನಗರ ಕಾವಲು ಪಡೆಯ ಖಾಕಿ ಅಂಗಿ ಗೂಟಕ್ಕೆ ತೂಗುತ್ತಿತ್ತು. ಒಗೆದು ಇಸ್ತ್ರಿ ಮಾಡಿದ್ದನ್ನು ಅವಳು ಮತ್ತೆ ಮುಟ್ಟಿರಲಿಲ್ಲ.

ಪಿಸ್ತೂಲಿನ ಟ್ರಿಗರಿಗೆ ಮನುಷ್ಯನ ಮನಸ್ಸು ತಿಳಿದರೆ ಹೇಗೆ? ಇಷ್ಟೇ ಒಂದು ಪ್ರಶ್ನೆಯಿಂದ ಈ ಕಥೆಯೆಲ್ಲ ಹುಟ್ಟಿತು. ಪ್ರಶ್ನೆ ಕೇಳಿದವರು ಒಳ್ಳೆಯವರೇ. ಅವರ ಕೈಗಳು ಮಾತ್ರ ಮೆತ್ತಗಿದ್ದವು.

ಇದಕ್ಕೂ ಎರಡು ವರ್ಷ ಹಿಂದೆ ಗುರುಸಿದ್ಧನನ್ನು ಧಾರವಾಡದ ದಾರಿಯಲ್ಲಿದ್ದ ಒಂದು ಪ್ರಯೋಗಾಲಯಕ್ಕೆ ಕರೆಸಿಕೊಂಡಿದ್ದರು. ಟ್ರಿಗರಿನ ಒಳಗೆ ಸುತ್ತಿಗೆಯನ್ನು ಹಿಡಿದಿಡುವ ಒಂದು ಸಣ್ಣ ಹಲ್ಲು ಇರುತ್ತದೆ. ಬೆರಳು ಎಳೆದಾಗ ಆ ಹಲ್ಲು ಜಾರಬೇಕು, ಸುತ್ತಿಗೆ ಬೀಳಬೇಕು, ಗುಂಡು ಹಾರಬೇಕು. ಆ ಹಲ್ಲು ಎಷ್ಟು ನುಣುಪು, ಎಷ್ಟು ಓರೆ ಎನ್ನುವುದರ ಮೇಲೆ ಟ್ರಿಗರಿನ ಗುಣವೆಲ್ಲ ನಿಂತಿದೆ. ಅದನ್ನು ಕಲ್ಲಿನ ಮೇಲೆ ತಿಕ್ಕಿ ಹದಕ್ಕೆ ತರುವುದರಲ್ಲಿ ಗುರುಸಿದ್ಧನನ್ನು ಮೀರಿಸುವವರು ಆ ಸುತ್ತಮುತ್ತ ಇರಲಿಲ್ಲ. ಅಪ್ಪ ಕಮ್ಮಾರಿಕೆ ಮಾಡಿಕೊಂಡಿದ್ದವನು ಸತ್ತಾಗ ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟು ಬಂದ ಹುಡುಗನಿಗೆ ವಿಜ್ಞಾನಿಗಳ ಮಧ್ಯೆ ಒಂದು ಸ್ಟೂಲು ಸಿಕ್ಕಿತು. ಆ ಸ್ಟೂಲಿನ ಮೇಲೆ ಕುಳಿತೇ ಅವನು ಎಲ್ಲ ಕೇಳಿಸಿಕೊಂಡ.

ಪ್ರಯೋಗಾಲಯದ ಮುಖ್ಯಸ್ಥೆ ಇನಾಮದಾರ ಮೇಡಂ. ತೆಳ್ಳಗೆ ಎತ್ತರದ ಹೆಂಗಸು, ಮಾತಾಡುವಾಗ ಕನ್ನಡಕ ತೆಗೆದು ಸೆರಗಿಗೆ ಒರೆಸುವ ರೂಢಿ. ಎದುರಿಗೆ ಪಡೆಯ ಕಮಾಂಡೆಂಟ್ ದೇಸೂರ, ಕುರ್ಚಿ ಸಾಲದಷ್ಟು ದೊಡ್ಡ ಆಳು. ಮೇಡಂ ಬೋರ್ಡಿನ ಮೇಲೆ ನಡುವೆ ಗೆರೆ ಎಳೆದು ಎಡಕ್ಕೆ 'ಭಾರ' ಎಂದೂ ಬಲಕ್ಕೆ 'ಹಗುರ' ಎಂದೂ ಬರೆದಿದ್ದರು.

"ಟ್ರಿಗರ್ ಭಾರ ಇತ್ತಂದ್ರ," ಮೇಡಂ ಹೇಳಿದರು, "ಎಡವಿದಾಗ, ಬೆಚ್ಚಿದಾಗ ಗುಂಡು ಹಾರೂದಿಲ್ಲ. ಎಳಿಯೋ ಹೊತ್ತಿನೊಳಗ ಮನಸ್ಸು ಬದಲಾಗಲಿಕ್ಕೆ ಅವಕಾಶ ಅದ. ಆದರ ಐದು ಕಿಲೋ ಎಳಿಯೋದ್ರೊಳಗ ಪಿಸ್ತೂಲಿನ ಮೂತಿ ಅಲಗಾಡ್ತದ. ಕಳ್ಳಗ ಹೊಡಿಲಿಕ್ಕೆ ಹೋಗಿ ಕಾಯಿಪಲ್ಯ ತೊಗೊಳ್ಳಿಕ್ಕೆ ಬಂದವರಿಗೆ ಬೀಳ್ತದ."

"ಬಿದ್ದಾವು," ದೇಸೂರ ಗಂಭೀರವಾಗಿ ಒಪ್ಪಿಕೊಂಡ.

"ಹಗುರ ಇತ್ತಂದ್ರ ಗುರಿ ನೇರ. ಆದರ ಸೀನಿದ್ರೂ ಹಾರ್ತದ."

"ಅವೂ ಹಾರ್ಯಾವ್ರಿ."

ನೂರಾರು ವರ್ಷದ ಜಗಳ ಅದು. ಅದನ್ನು ಮುಗಿಸಲಿಕ್ಕೆ ಮೇಡಂ ಮಾಡಿದ ಟ್ರಿಗರಿನ ಹೆಸರು 'ವಿವೇಕ'. ಹೊಡೆಯಲೋ ಬೇಡವೋ ಎಂದು ಮನುಷ್ಯ ಒಳಗೆ ತೂಗುತ್ತಿರುವಾಗ ಅವನ ಬೆರಳ ತುದಿ ಕಣ್ಣಿಗೆ ಕಾಣದಷ್ಟು ಸಣ್ಣಗೆ ನಡುಗುತ್ತದೆ. ಸೂಜಿಮೊನೆಯಷ್ಟು ಬೆವರು ಜಿನುಗುತ್ತದೆ. ಟ್ರಿಗರಿನ ಮುಖಕ್ಕೆ ಕೂರಿಸಿದ ತೆಳು ತಗಡು ಅದನ್ನು ಓದಿ ಸೊನ್ನೆಯಿಂದ ನೂರರವರೆಗೆ ಅಂಕ ಹಾಕುತ್ತದೆ. ಹಿಂಜರಿಕೆ ಹೆಚ್ಚಿದಷ್ಟೂ ಒಳಗಿನ ಕಾಂತದ ಸುರುಳಿ ಬಿಗಿಯಾಗಿ ಟ್ರಿಗರು ಐದು ಕಿಲೋ ಭಾರ ಆಗುತ್ತದೆ. ಮನಸ್ಸು ಗಟ್ಟಿಯಾದರೆ ಏಳುನೂರು ಗ್ರಾಂಗೆ ಇಳಿಯುತ್ತದೆ. ಪ್ರತಿ ಅಂಕವೂ ಪಿಸ್ತೂಲಿನ ಹಿಡಿಯೊಳಗೆ ದಾಖಲಾಗುತ್ತದೆ. ನಾಳೆ ನ್ಯಾಯಾಧೀಶರು ಕೇಳಿದರೆ ಹೊಡೆದವನ ಮನಸ್ಸನ್ನೇ ತೆಗೆದು ತೋರಿಸಬಹುದು.

ಉಳಿದದ್ದು ಒಂದೇ ತಕರಾರು. ತಗಡಿಗೆ ಏನೂ ಸಿಗದೇ ಹೋದರೆ? ಅದನ್ನು 'ಓದಲಾಗಲಿಲ್ಲ' ಎಂದು ತಿಳಿದು ಭಾರ ಮಾಡಬೇಕೋ, 'ನಡುಕವೇ ಇಲ್ಲ, ಮನಸ್ಸು ಗಟ್ಟಿ' ಎಂದು ತಿಳಿದು ಹಗುರ ಮಾಡಬೇಕೋ?

"ಭಾರನ ಇರಲಿ," ಎಂದರು ಮೇಡಂ.

"ಹಂಗಾದ್ರ ನನ್ನ ಹುಡುಗ್ರ ಹೆಣಾ ನೀವ ಹೊರ್ತೀರೇನ್ರಿ ಮೇಡಂ?" ದೇಸೂರ ಎದ್ದು ನಿಂತ. "ಎದುರಿಗೆ ಒಬ್ಬಾಂವ ಮಚ್ಚು ಹಿಡದ ನಿಂತಿರ್ತಾನ. ನಮ್ಮಾಂವ ಗಟ್ಟಿ ಮನಸ್ಸು ಮಾಡಿ ಎಳೀತಾನ. ನಿಮ್ಮ ವಿವೇಕ ನನಗೇನೂ ತಿಳೀಲಿಲ್ಲ ಅಂತ ಮೊಂಡ ಹಿಡದು ಕುಂದ್ರತೈತಿ. ಆಮ್ಯಾಲೆ?"

"ತಗಡು ಓದದ ಕೈ ಎಷ್ಟು ಅವ ಅನ್ನೋದನ್ನ ಮೊದಲು ನೋಡೋಣು. ಒಂದೂ ಇಲ್ಲಂದ್ರ ನೀವು ಹೇಳಿದಂಗ ಆಗಲಿ."

ಹೀಗೆ ಇನ್ನೂರಾ ಆರು ಜನರ ಕೈ ನೋಡಿದರು. ಕಾಲೇಜಿನವರು, ಬ್ಯಾಂಕಿನವರು, ಪಡೆಯ ಅಧಿಕಾರಿಗಳು. 'ಗಟ್ಟಿ ಕೈ' ಎಂಬ ಕಾಲಮಿಗೆ ಗುರುಸಿದ್ಧನ ವರ್ಕ್‌ಶಾಪಿನ ಏಳು ಜನ. ಬೆವರು ಸುರಿಸುವ ಲೋಕವೆಲ್ಲ ಆ ಏಳು ಜನರಲ್ಲಿ ಮುಗಿಯಿತು ಎಂದು ಪುಸ್ತಕ ಓದಿದವರು ನಂಬಿದ್ದರು.

ಗುರುಸಿದ್ಧನದೇ ಮೊದಲ ಸರದಿ. ಹಬ್ಬದ ರಜೆ ಎಂಟು ದಿನ ಕಳೆದು, ಆ ಎಂಟೂ ದಿನ ಖಾನಾವಳಿಗೆ ಕಟ್ಟಿಗೆ ಒಡೆದು, ವರ್ಕ್‌ಶಾಪಿಗೆ ಹೋಗದೆ ನೇರ ಪ್ರಯೋಗಾಲಯಕ್ಕೆ ಬಂದಿದ್ದ. ಎದುರಿಗೆ ಕೂಸನ್ನು ಎತ್ತಿಕೊಂಡ ಹೆಂಗಸಿನ ಪ್ಲಾಸ್ಟರಿನ ಗೊಂಬೆ. ಖಾಲಿ ಪಿಸ್ತೂಲು ಹಿಡಿದು ಅದಕ್ಕೆ ಗುರಿ ಇಡಬೇಕು. ಗೊಂಬೆ ಎಂದು ಗೊತ್ತಿದ್ದರೂ ಯಾರ ಮನಸ್ಸೂ ಹಿಂದೆ ಸರಿಯುತ್ತದೆ. ಅವನ ಎದೆಯೂ ಡವಡವ ಅಂದಿತು. ಪರದೆಯ ಮೇಲೆ ಬಂದದ್ದು ಸೊನ್ನೆ.

ಮೇಡಂ ಕನ್ನಡಕ ಒರೆಸಿದರು. "ಕೈಗೆ ಎಣ್ಣಿ ಏನರ ಹತ್ತೇದೇನು ಗುರುಸಿದ್ಧ?"

ಎಣ್ಣೆ ಇರಲಿಲ್ಲ. ಆದರೆ ಪರೀಕ್ಷೆಯಲ್ಲಿ ಸೊನ್ನೆ ಎಂದರೆ ಏನೆಂದು ಶಾಲೆ ಬಿಟ್ಟವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? "ಹೌದ್ರಿ ಮೇಡಂ. ತೊಳಕೊಂಡ ಬರ್ತೇನಿ" ಅಂದ. ನಳದ ಹತ್ತಿರ ಹೋಗಿ ಕಿಸೆಯಲ್ಲಿದ್ದ ಕಾಗದದ ಚೂರು ತೆಗೆದು ನಾಲ್ಕಲ್ಲ, ಮೂವತ್ತು ಸಲ ಎಳೆದ. ತುದಿ ಗುಲಾಬಿ ಬಣ್ಣಕ್ಕೆ ಬಂತು. ಹಿಂದೆ ಸಾಲಾಗಿ ನಿಂತಿದ್ದ ಆರು ಜನಕ್ಕೂ, "ಬೆರಳ ತೊಳಕೊಂಡ ಬರ್ರಿ, ಮರ್ಯಾದಿ ಪ್ರಶ್ನೆ ಐತಿ" ಅಂದ. ಎರಡನೇ ಸಲ ಪರದೆ ಐವತ್ತೆಂಟು ತೋರಿಸಿತು. ಮೇಡಂ ನಕ್ಕರು. ವಹಿಯಲ್ಲಿ ಮೊದಲನೆಯದಕ್ಕೆ ಗೆರೆ ಹೊಡೆದು ಎರಡನೆಯದನ್ನು ಬರೆದುಕೊಂಡರು.

"ನಿಮ್ಮಂಥವರ ಕೈಯನ್ನೂ ಓದ್ತು ಅಂದ್ರ ಇನ್ನ್ಯಾರನ್ನ ಬಿಡ್ತದ?"

ಅವತ್ತು ಮನೆಗೆ ಹೋಗುವಾಗ ಅವನ ಕಾಲು ನೆಲದ ಮೇಲೆ ಇರಲಿಲ್ಲ. ಓದದ ಕೈ ಒಂದೂ ಸಿಗಲಿಲ್ಲವಾದ್ದರಿಂದ ಏನೂ ಸಿಗದಿದ್ದಾಗ ಟ್ರಿಗರು ಹಗುರ ಆಗಬೇಕು ಎಂದು ತೀರ್ಮಾನವಾಯಿತು.

ನೀಲವ್ವನಿಗೆ ವಿವೇಕದ ಪಿಸ್ತೂಲು ಸಿಕ್ಕ ದಿನ ಮನೆಯಲ್ಲಿ ಹೋಳಿಗೆ ಮಾಡಿದ್ದರು. ಅವಳು ತಮ್ಮನಿಗಿಂತ ಐದು ವರ್ಷ ದೊಡ್ಡವಳು. ಹತ್ತನೇ ವಯಸ್ಸಿನಿಂದ ಅವ್ವನ ಜೊತೆ ಒಲೆಯ ಮುಂದೆ ಕುಳಿತು ದಿನಕ್ಕೆ ಇನ್ನೂರು ರೊಟ್ಟಿ ಬಡಿದವಳು. ನಡುನಡುವೆ ಓದಿ, ಓಡಿ, ಎತ್ತರ ಜಿಗಿದು ಪಡೆಗೆ ಸೇರಿದ್ದಳು.

"ಇದು ಮನಸ್ಸು ಓದತೈತಂತಲ್ಲೋ ತಮ್ಮಾ," ಸೊಂಟದ ಚೀಲ ತಟ್ಟಿ ನಕ್ಕಿದ್ದಳು. "ಅವ್ವಗ ಮೂವತ್ತ ವರ್ಷ ಆದ್ರೂ ಓದಾಕ ಬರಲಿಲ್ಲ. ಇದಕ್ಕ ಹೆಂಗ ಬಂತು?"

"ಅದರ ಹಲ್ಲ ನಾ ತಿಕ್ಕೇನಿ. ನಮ್ಮ ಮನೀದ ಐತಿ ಅದು, ಓದದ ಏನ ಮಾಡತೈತಿ?"

"ಹಂಗಾರ ನಾಳೆ ನಾ ಯಾರ್ನ ಲಗ್ನ ಆಗಲಿ ಅಂತ ಕೇಳಿ ಹೇಳು."

"ಏಳುನೂರ ಗ್ರಾಂಕಿಂತ ಹಗುರ ಇರೋ ಗಂಡ ಬ್ಯಾಡ ಅಂತೈತಿ," ಅಂದ ಗುರುಸಿದ್ಧ. ಅವ್ವ ಇಬ್ಬರಿಗೂ ಬೈದಳು.

ಬೇಸಿಗೆ ಬಂತು. ಒಂದು ಬೆಳಿಗ್ಗೆ ಹತ್ತು ಗಂಟೆಗೆ ಹಳೆ ಹುಬ್ಬಳ್ಳಿಯ ಒಂದು ಓಣಿಯಲ್ಲಿ ನೀರಿನ ಟ್ಯಾಂಕರು ನಿಂತಿತ್ತು. ಒಂಬತ್ತು ದಿನಕ್ಕೆ ಬಂದ ನೀರು. ಕೊಡಗಳು ಒಂದಕ್ಕೊಂದು ಬಡಿಯುತ್ತಿದ್ದವು, ಜನವೂ ಬಡಿದಾಡುವುದರಲ್ಲಿದ್ದರು. ಕಾವಲಿಗೆ ನೀಲವ್ವ ಒಬ್ಬಳೇ. ಎದುರಿನ ಮನೆಯಲ್ಲಿ ಬಾಗಿಲ ಚೌಕಟ್ಟು ಕೂರಿಸುತ್ತಿದ್ದ ಬಡಿಗ ಮೌನೇಶ, ಹೆಂಡತಿಯನ್ನು ಯಾರೋ ನೂಕಿದ್ದು ಕಂಡು ಕೆಲಸ ಬಿಟ್ಟು ಓಡಿಬಂದ. ಕೈಯಲ್ಲಿ ಉಳಿ ಇದ್ದದ್ದು ಅವನಿಗೆ ನೆನಪಿರಲಿಲ್ಲ. ಯಾರೋ "ಚಾಕು, ಚಾಕು" ಅಂದರು. ಜನ ಚದುರಿದರು. ನೀಲವ್ವ ಪಿಸ್ತೂಲು ತೆಗೆದು, "ಕೈಯಾಗಿಂದು ಕೆಳಗ ಒಗಿ" ಎಂದು ಕೂಗಿದಳು. ಅವನು ಒಗೆಯಲಿಲ್ಲ. ಬಗ್ಗಿದ. ಗುಂಡು ಹಾರಿತು.

ಪಿಸ್ತೂಲಿನ ಹಿಡಿಯನ್ನು ಬಿಚ್ಚಿ ಓದಿದರು. ಹಿಂಜರಿಕೆ: ಸೊನ್ನೆ. ಭಾರ: ಏಳುನೂರು ಗ್ರಾಂ.

ಸೊನ್ನೆ ಎಂದರೆ ಮನಸ್ಸು ಗಟ್ಟಿ ಮಾಡಿ ಕೊಂದಳು ಎಂದು ಅರ್ಥ. ಬಗ್ಗಿದವನನ್ನು ತಣ್ಣಗೆ ಕೊಂದವಳು. ಊರಿನ ಗೋಡೆಗಳ ಮೇಲೆ 'ಸೊನ್ನೆ ನೀಲವ್ವ' ಎಂದು ಬರೆದರು. ಊಟಕ್ಕೆ ಬರುತ್ತಿದ್ದ ಅರ್ಧ ಜನ ಬರುವುದು ಬಿಟ್ಟರು. ಪಡೆ ಅವಳನ್ನು ಕೆಲಸದಿಂದ ಇಳಿಸಿ ವಿಚಾರಣೆಯ ದಿನ ಗೊತ್ತು ಮಾಡಿತು.

ಮೊದಮೊದಲು ನೀಲವ್ವ ವಾದಿಸಿದಳು. "ನಾ ತಡದಿದ್ನೆಪಾ. ಬೆರಳ ಇಟ್ಟಿದ್ದೆ, ಹೌದು. ಎಳೀಬೇಕಂತ ಇರಲಿಲ್ಲ. ಅಂವಾ ಬಗ್ಗಿದ್ದು ಯಾಕಂತ ನನಗ ತಿಳದಿತ್ತು. ಕಲ್ಲಿನ ಮ್ಯಾಲೆ ಉಳಿ ಒಗದ್ರ ಧಾರಿ ಹೋಗತೈತಿ. ನಮ್ಮ ಅಪ್ಪಾನೂ ಹಂಗ ಇಡತಿದ್ನಲ್ಲೋ, ಮಲಗಿಸಿದಂಗ. ಅದನ್ನ ನೋಡಿ ಬೆರಳ ತಕ್ಕೋಬೇಕಂತ ಅನ್ನೋದ್ರಾಗ…"

ಆಮೇಲಾಮೇಲೆ ವಾದಿಸುವುದು ಬಿಟ್ಟಳು. ಒಂದು ದಿನ ಗುರುಸಿದ್ಧ ಊಟದ ತಾಟು ಒಯ್ದಾಗ ಗೋಡೆ ನೋಡುತ್ತಲೇ ಅಂದಳು:

"ಒಂದು ಕೇಳ್ಲೇನೋ? ಮಷೀನಿಗೆ ನನ್ನ ಮ್ಯಾಲೆ ಏನ ಸಿಟ್ಟು? ಅದ್ಯಾಕ ಸುಳ್ಳ ಹೇಳತೈತಿ? ಒಳಗ ಎಲ್ಲೋ ನಾನ ಕೊಲ್ಲಬೇಕಂತ ಮಾಡಿದ್ನೋ ಏನೋ. ನನಗ ಗೊತ್ತಾಗದಂಗ."

"ಹುಚ್ಚರಂಗ ಮಾತಾಡಬ್ಯಾಡಕ್ಕ."

"ತಡದಿದ್ದೆ ಅಂತ ಅನಸ್ತೈತಿ. ಖರೇನೂ ತಡದಿದ್ನೋ, ಇಲ್ಲಾ ಆಮ್ಯಾಲೆ ನಾನ ಹಂಗ ಅನ್ಕೊಂಡ್ನೋ? ನನಗ ನನ್ನ ಮ್ಯಾಲೆ ನಂಬಿಕಿ ಹೋಗೈತಿ ತಮ್ಮಾ."

ಕೆಲಸ ಹೋದದ್ದಕ್ಕಲ್ಲ, ಜೈಲಾಗಬಹುದು ಎಂಬುದಕ್ಕೂ ಅಲ್ಲ, ಗುರುಸಿದ್ಧನಿಗೆ ಹೊಟ್ಟೆ ಉರಿದದ್ದು ಈ ಮಾತಿಗೆ. ಮೂವತ್ತೊಂದು ವರ್ಷ ತನ್ನ ಮನಸ್ಸಿನ ಜೊತೆ ಬಾಳಿದವಳು ಒಂದು ತಗಡಿನ ಮಾತು ಕೇಳಿ ಆ ಮನಸ್ಸನ್ನೇ ಕೈಬಿಟ್ಟಿದ್ದಳು.

ಯಂತ್ರ ಯಾಕೆ ಹಾಗೆ ಹೇಳಿತು ಎಂದು ಅವನಿಗೆ ಗೊತ್ತಾದದ್ದು ಒಲೆಯ ಮುಂದೆ. ಅವ್ವನಿಗೆ ಜ್ವರ ಬಂದು, ಎರಡು ದಿನ ನೀಲವ್ವ ಎದ್ದು ರೊಟ್ಟಿಗೆ ಕುಳಿತಳು. ಉಬ್ಬಿದ ರೊಟ್ಟಿಯ ಅಂಚನ್ನು ಬೆರಳ ತುದಿಯಿಂದ ಹಂಚಿಗೆ ಒತ್ತಿ ಹಿಡಿಯುತ್ತಿದ್ದಳು. ತಾಟು ತೆಗೆದುಕೊಳ್ಳಲು ಹೋದ ಗುರುಸಿದ್ಧನ ಬೆರಳು ಅದೇ ಹಂಚಿಗೆ ತಾಗಿ ಅವನು ಹಾರಿಬಿದ್ದ.

"ಅಕ್ಕಾ, ನಿನಗ ಸುಡಾಂಗಿಲ್ಲೇನು?"

"ಯಾವತ್ತ ಸುಟ್ಟೈತಿ? ಸಣ್ಣಾಕಿದ್ದಾಗ ಸುಡತಿತ್ತು."

ಅವನು ಅವಳ ತೋರುಬೆರಳನ್ನು ಹಿಡಿದುಕೊಂಡ. ಕೂದಲೆಳೆಯಷ್ಟು ತರಿಯನ್ನು ಹಿಡಿಯುವ ತನ್ನ ಬೆರಳಿನಿಂದ ಅವಳ ಬೆರಳನ್ನು ಮುಟ್ಟಿ ನೋಡಿದ. ಅಲ್ಲಿ ಚರ್ಮ ಇರಲಿಲ್ಲ, ಇಪ್ಪತ್ತು ವರ್ಷದ ಬೆಂಕಿ ಇತ್ತು. ಆ ಬೆರಳಿನ ಒಳಗೆ ಯಾರಾದರೂ ಗೋಳೋ ಎಂದು ಅತ್ತರೂ ಹೊರಗೆ ಕೇಳಿಸುತ್ತಿರಲಿಲ್ಲ. ನಳದ ಹತ್ತಿರ ಮೂವತ್ತು ಸಲ ಕಾಗದ ಎಳೆದದ್ದು ಅವನ ಕಣ್ಣ ಮುಂದೆ ಬಂತು.

ಮರುದಿನವೇ ಪ್ರಯೋಗಾಲಯಕ್ಕೆ ಹೋದ. ಇನಾಮದಾರ ಮೇಡಂ ಎಲ್ಲ ಕೇಳಿಸಿಕೊಂಡು, ಕಪಾಟಿನಿಂದ ಹಳೆಯ ವಹಿ ತೆಗೆದರು. ಏಳು ಜನರ ಸಾಲು. ಗುರುಸಿದ್ಧ ಕಮ್ಮಾರ ಎಂಬ ಹೆಸರಿನ ಮುಂದೆ ಗೆರೆ ಹೊಡೆದ ಸೊನ್ನೆ. ಬದಿಗೆ ಅವರದೇ ಅಕ್ಷರದಲ್ಲಿ 'ಎಣ್ಣೆ' ಎಂದು ಬರೆದಿತ್ತು.

"ಬೆರಳು ತಿಕ್ಕೊಂಡು ಬಂದದ್ದನ್ನ ನೀವು ನನಗ ಹೇಳಬೇಕಾಗಿತ್ತು ಗುರುಸಿದ್ಧ."

"ಹೌದ್ರಿ. ನೀವು ಕೇಳಬೇಕಾಗಿತ್ತು."

ಅವರು ಕನ್ನಡಕ ತೆಗೆದರು, ಒರೆಸಲಿಲ್ಲ. "ನಾವು ಗೊಂಬಿಗೆ ಕೂಸು ಕೊಟ್ಟಿವಿ. ಪಿಸ್ತೂಲು ಹಿಡಿಯೋ ಹೆಂಗಸರ ಕೈಯಾಗ ಹಿಂದ ಏನಿತ್ತಂತ ಒಬ್ಬರೂ ವಿಚಾರ ಮಾಡಲಿಲ್ಲ."

"ನನ್ನ ಮಾತ ವಿಚಾರಣ್ಯಾಗ ಯಾರ ನಂಬತಾರ್ರಿ? ತಮ್ಮ ಆದಾಂವ ಅಕ್ಕನ ಪರವಾಗಿ ಹೇಳತಾನ ಅಂತಾರ."

"ಮಾತು ಬ್ಯಾಡ. ಬೆರಳು ತೊಗೊಂಡು ಬರ್ರಿ. ಯಂತ್ರ ನಾ ತರ್ತೇನಿ. ಈ ವಹೀನೂ ತರ್ತೇನಿ."

ಅವತ್ತಿನಿಂದ ಅವನು ಕಾಗದ ಮುಟ್ಟಲಿಲ್ಲ. ನೀಲವ್ವನೇ ಬಂದು ತನ್ನ ಬೆರಳು ಇಟ್ಟು ತೋರಿಸಬಹುದಿತ್ತು. ಆದರೆ ಆರೋಪ ಹೊತ್ತವರು ಆಯುಧ ಮುಟ್ಟುವಂತಿಲ್ಲ ಎಂಬ ನಿಯಮ ಇತ್ತು. ನಿಯಮ ಇಲ್ಲದಿದ್ದರೂ ಅವಳು ಮುಟ್ಟುತ್ತಿರಲಿಲ್ಲ.

ಇಪ್ಪತ್ತೇಳನೇ ದಿನಕ್ಕೆ ವಿಚಾರಣೆ. ಎತ್ತರದ ಮೇಜಿನ ಹಿಂದೆ ಬೆಂಗಳೂರಿನಿಂದ ಬಂದ ಅಧ್ಯಕ್ಷರು. ಎಡಕ್ಕೆ ದೇಸೂರ, ಬಲಕ್ಕೆ ಇನಾಮದಾರ ಮೇಡಂ. ಕಂಬದ ಹತ್ತಿರ ನೀಲವ್ವ ತಲೆ ತಗ್ಗಿಸಿ ಕುಳಿತಿದ್ದಳು. ಮೂರನೇ ಸಾಲಿನಲ್ಲಿ ಮೌನೇಶನ ಹೆಂಡತಿ ದಾಕ್ಷಾಯಣಿ, ಮಡಿಲಲ್ಲಿ ಎರಡೂ ಕೈ ಕಟ್ಟಿಕೊಂಡು. ಅವಳು ಬರುತ್ತಾಳೆ ಎಂದು ಗುರುಸಿದ್ಧ ಯೋಚಿಸಿಯೇ ಇರಲಿಲ್ಲ.

ಮೇಡಂ ವಹಿ ತೆರೆದು ತಮ್ಮ ತಪ್ಪು ಓದಿದರು. ಆಮೇಲೆ ಖಾಲಿ ಪಿಸ್ತೂಲನ್ನು ಕಬ್ಬಿಣದ ಹಿಡಿಕೆಗೆ ಬಿಗಿದು ಪ್ಲಾಸ್ಟರಿನ ಗೊಂಬೆಯ ಕಡೆ ತಿರುಗಿಸಿದರು. ಗುರುಸಿದ್ಧ ಮುಂದೆ ಬಂದು ಬೆರಳು ಇಟ್ಟ.

"ಆ ಗೊಂಬೆ ಕೂಸನ್ನ ಎತ್ಕೊಂಡಿದೆ. ನಿಮ್ಮ ಮನಸ್ಸಿನಲ್ಲಿ ಏನಿದೆಯಪ್ಪಾ?" ಅಧ್ಯಕ್ಷರು ಕೇಳಿದರು.

"ಹೊಡಿಬಾರದಂತ ಐತ್ರಿ."

ಹಾಗೆಂದವನ ಕಣ್ಣಿಗೆ ಗೊಂಬೆ ಕಾಣಲೇ ಇಲ್ಲ. ಬಗ್ಗಿ ಉಳಿ ಮಲಗಿಸುವ ಒಬ್ಬ ಮನುಷ್ಯ ಕಂಡ. ಕೈ ಮೊಣಕೈಯವರೆಗೆ ಅದುರತೊಡಗಿತು. ಅದುರುವುದು ಹಿಂದಿನ ಸಾಲಿನವರಿಗೂ ಕಾಣುತ್ತಿತ್ತು. ಪರದೆಯ ಮೇಲೆ ಗೆರೆ ಸಪಾಟಾಗಿ ಹೋಯಿತು. ಸೊನ್ನೆ. ಅದುರುವ ಬೆರಳೇ ಏಳುನೂರು ಗ್ರಾಂ ಎಳೆಯಿತು. ಸುತ್ತಿಗೆ ಬಿತ್ತು. ಟಕ್.

ಮೂರನೇ ಸಾಲಿನಲ್ಲಿ ದಾಕ್ಷಾಯಣಿ ಬೆಚ್ಚಿಬಿದ್ದಳು.

"ಇನ್ನೊಮ್ಮೆ," ಎಂದರು ಅಧ್ಯಕ್ಷರು.

ಟಕ್.

"ಬೇರೆ ಪಿಸ್ತೂಲು ತನ್ನಿ."

ಟಕ್. ಒಂಬತ್ತು ಸಲ ಮಾಡಿಸಿದರು. ಒಂಬತ್ತು ಸಲವೂ ಅವನು ಅಳುತ್ತಿದ್ದ, ಒಂಬತ್ತು ಸಲವೂ ಯಂತ್ರ ಅವನ ಮನಸ್ಸು ಗಟ್ಟಿ ಇದೆ ಎಂದಿತು. ಅಕ್ಕನನ್ನು ಉಳಿಸಿಕೊಳ್ಳಲು ಮೌನೇಶನನ್ನು ಅವನ ಹೆಂಡತಿಯ ಎದುರಿಗೆ ಮತ್ತೆ ಮತ್ತೆ ಬೀಳಿಸಬೇಕಾಯಿತು.

ಅಧ್ಯಕ್ಷರು ಬಹಳ ಹೊತ್ತು ಬರೆದರು. ಕೊನೆಗೆ ತಲೆ ಎತ್ತಿ, ದಾಖಲೆಯನ್ನು ನಂಬುವಂತಿಲ್ಲ, ಆರೋಪ ನಿಲ್ಲುವುದಿಲ್ಲ, ತಾಂತ್ರಿಕ ಕೊರತೆಯಿಂದ ಸಂಭವಿಸಿದ ಮರಣ ಎಂದು ಓದಿದರು.

ದಾಕ್ಷಾಯಣಿ ಎದ್ದು ನಿಂತಳು. ಮೆಲ್ಲಗೆ ಕೇಳಿದಳು:

"ಅಂದ್ರ, ಅವರನ್ನ ಯಾರೂ ಕೊಂದಿಲ್ಲೇನ್ರಿ?"

ಅಧ್ಯಕ್ಷರು ಕಾಗದ ತಿರುವಿದರು. ದೇಸೂರ ಗಡಿಯಾರ ನೋಡಿಕೊಂಡ. ಇನಾಮದಾರ ಮೇಡಂ ವಹಿ ಮುಚ್ಚಿದರು.

"ನನ್ನ ಬೆರಳಾಗ ಸತ್ತಾರ," ಎಂದಳು ನೀಲವ್ವ. ಎಷ್ಟೋ ದಿನದ ಮೇಲೆ ಅವಳು ತಲೆ ಎತ್ತಿದ್ದಳು. "ಎದ್ದು ಹೇಳತೇನಿ ಕೇಳವಾ. ನಿನ್ನ ಗಂಡ ಬಗ್ಗಿದ್ದು ನನಗ ಹೊಡಿಯಾಕಲ್ಲ. ಉಳಿ ಕೆಳಗ ಇಡಾಕ ಬಗ್ಗಿದ್ರು. ಅದು ನನಗ ಅಲ್ಲೇ ತಿಳದಿತ್ತು. ನಾ ತಡದಿದ್ದೆ. ಖರೇನ ತಡದಿದ್ದೆ."

ದಾಕ್ಷಾಯಣಿ ಅವಳ ಕಡೆ ತಿರುಗಿದಳು.

"ಒಗೀತಿರಲಿಲ್ಲ ಅವರು," ಅಂದಳು. "ಹೊಸಾ ಉಳಿ ಅದು. ನನ್ನ ಮ್ಯಾಲೆ ಕೈ ಎತ್ತಿದ ದಿನಾನೂ ಉಳಿ ಮೊದಲ ಬದಿಗಿಟ್ಟು ಆಮ್ಯಾಲೆ ಎತ್ತತಿದ್ರು." ನಗಬೇಕೆಂದು ಹೊರಟ ಮಾತು ಅರ್ಧದಲ್ಲೇ ಒಡೆಯಿತು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಕುಳಿತುಬಿಟ್ಟಳು.

ಒಂದು ತಿಂಗಳಲ್ಲಿ ಪಡೆಯಿಂದ ಸುತ್ತೋಲೆ ಬಂತು. ಟ್ರಿಗರ್ ಬದಲಾಯಿಸಲು ವರ್ಷಗಟ್ಟಲೆ ಹಿಡಿಯುತ್ತದೆ. ಅಲ್ಲಿಯವರೆಗೆ ಪ್ರತಿ ಪೇದೆಯೂ ಕೆಲಸಕ್ಕೆ ಇಳಿಯುವ ಮುನ್ನ ನಾನೂರು ನಂಬರಿನ ಎಮರಿ ಕಾಗದದಿಂದ ಬೆರಳ ತುದಿ ತಿಕ್ಕಿಕೊಳ್ಳತಕ್ಕದ್ದು. ಏನೂ ಸಿಗದಿದ್ದಾಗ ಟ್ರಿಗರು ಭಾರ ಆಗಲಿ ಎಂದು ಇನಾಮದಾರ ಮೇಡಂ ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ. ಅವರು ರಾಜೀನಾಮೆ ಕೊಟ್ಟರು ಎಂದು ಆಮೇಲೆ ಗೊತ್ತಾಯಿತು. ಕೈ ಕೆಟ್ಟವರಿಗೆ ಕೈ ಸರಿಮಾಡಿಕೊಳ್ಳಿ ಅಂದವರು ಯಂತ್ರಕ್ಕೆ ಒಂದು ಮಾತೂ ಅನ್ನಲಿಲ್ಲ.

ನೀಲವ್ವ ಪಡೆಗೆ ವಾಪಸ್ ಹೋಗಲಿಲ್ಲ. ಖಾಕಿ ಅಂಗಿ ಮಡಚಿ ಪೆಟ್ಟಿಗೆಯ ತಳಕ್ಕೆ ಇಟ್ಟು ಒಲೆಯ ಮುಂದೆ ಕುಳಿತಳು. ಬಸಣ್ಣೆಪ್ಪ ಮೇಸ್ತ್ರಿ ಗುರುಸಿದ್ಧನನ್ನು ಒಂದೆರಡು ವಾರ ನೋಡಿದ. ಆಮೇಲೆ ಟ್ರಿಗರಿನ ಹಲ್ಲು ತಿಕ್ಕುವ ಕಲ್ಲನ್ನು ಅವನ ಮುಂದಿನಿಂದ ತೆಗೆದು ಬೇರೆಯವನಿಗೆ ಕೊಟ್ಟು, ಅವನನ್ನು ಒರಟು ಕೆಲಸಕ್ಕೆ ಹಾಕಿದ. ಕಾಗದ ತಿಕ್ಕಿದರೂ ಹಳೆಯ ಬೆರಳು ಮರಳಿ ಬಂದಿರಲಿಲ್ಲ. ಮೇಲಿನ ಪದರ ಹೋದರೆ ಕೆಳಗೆ ಮತ್ತೊಂದು ಇರುತ್ತಿತ್ತು.

ಒಂದು ಮಧ್ಯಾಹ್ನ ಊಟದವರೆಲ್ಲ ಎದ್ದು ಹೋದ ಮೇಲೆ ದಾಕ್ಷಾಯಣಿ ಖಾನಾವಳಿಯ ಬಾಗಿಲಲ್ಲಿ ಬಂದು ನಿಂತಳು. ಕೈಯಲ್ಲಿ ಹಳೆಯ ಅರಿವೆಯ ಗಂಟು. ಅವ್ವ ಗಾಬರಿಯಾಗಿ ಎದ್ದಳು. ನೀಲವ್ವ ಎದ್ದು ಒಂದು ಮಣೆ ಹಾಕಿದಳು. ಬೇರೇನು ಮಾಡಬೇಕೆಂದು ತಿಳಿಯದೆ ತಾಟಿಗೆ ಬಿಸಿ ರೊಟ್ಟಿ, ಎಣಗಾಯಿ ಹಾಕಿ ಮುಂದಿಟ್ಟಳು. ದಾಕ್ಷಾಯಣಿ ರೊಟ್ಟಿಯ ಒಂದು ತುಣುಕು ಮುರಿದಳು, ಬಾಯಿಗೆ ಇಡಲಿಲ್ಲ.

"ಮೊನ್ನೆ ಕೊಟ್ರು ಇದನ್ನ," ಗಂಟು ಬಿಚ್ಚಿದಳು. "ಸಾಕ್ಷಿ ಅಂತ ಇಟ್ಕೊಂಡಿದ್ರಲ್ಲ. ತಗಡಿನ ಟ್ರಂಕಿನಾಗ ಒಗದಿಟ್ಟಿದ್ರಂತ. ನೋಡ್ರಿ."

ಉಳಿಯ ಧಾರೆ ಮೂರು ಕಡೆ ಮುಕ್ಕಾಗಿತ್ತು.

"ನನ್ನ ಮೈದುನ ಕೆಲಸ ಹಿಡೀತಾನಂತ. ಧಾರಿ ಹಾಕ್ಕೊಡ್ತೀರೇನು? ಬ್ಯಾರೇದವ್ರ ಕೈಯಾಗ ಕೊಡಾಕ ಮನಸಾಗಲಿಲ್ಲ. ಅವರು ಯಾಕ ಬಗ್ಗಿದ್ರಂತ ತಿಳದ ಮನಿ ಇದೊಂದ ಐತಿ."

ಗುರುಸಿದ್ಧ ಅಪ್ಪನ ಹಳೆಯ ಸಾಣೆಕಲ್ಲು ತಂದ. ಹಿತ್ತಲ ಕಟ್ಟೆಯ ಮೇಲೆ ಕುಳಿತು ನೀರು ಚಿಮುಕಿಸಿ ತಿಕ್ಕತೊಡಗಿದ. ಹಲ್ಲು ತಿಕ್ಕುವಾಗ ಹಾಕುತ್ತಿದ್ದ ಜೀವವನ್ನೆಲ್ಲ ಆ ಉಳಿಗೆ ಹಾಕಿದ. ಮುಕ್ಕು ಒಂದೊಂದಾಗಿ ಸವೆದವು. ಇಬ್ಬರು ಹೆಂಗಸರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಕಡೆಗೆ ಉಳಿಯನ್ನು ಬಿಸಿಲಿಗೆ ಹಿಡಿದು, ರೂಢಿಯಂತೆ ತೋರುಬೆರಳ ತುದಿಯನ್ನು ಧಾರೆಯ ಮೇಲೆ ಆಡಿಸಿ ನೋಡಿದ. ಏನೂ ತಿಳಿಯಲಿಲ್ಲ. ಇನ್ನೊಮ್ಮೆ ಆಡಿಸಿದ.

"ಇನ್ನ ಬಂದಿಲ್ಲ ಕಾಣತೈತಿ ಧಾರಿ," ಅಂದ.

"ತಮ್ಮಾ," ಅಂದಳು ನೀಲವ್ವ. ಅವಳ ದನಿ ಕೇಳಿ ಅವನು ಕೆಳಗೆ ನೋಡಿದ. ಕಲ್ಲಿನ ಮೇಲಿನ ನೀರು ಕೆಂಪಾಗಿತ್ತು. ಧಾರೆ ಬಂದಿತ್ತು. ಬೆರಳು ಮೂಳೆಯ ಹತ್ತಿರದವರೆಗೆ ಸೀಳಿತ್ತು.

ಅವನು ಉಳಿಯನ್ನು ಒಗೆಯಲಿಲ್ಲ. ಬಗ್ಗಿ, ಕಟ್ಟೆಯ ಮೇಲಿನ ಅರಿವೆಯ ಮೇಲೆ ಅದನ್ನು ಮೆಲ್ಲಗೆ ಮಲಗಿಸಿದ. ಬಾಗಿಲಲ್ಲಿ ದಾಕ್ಷಾಯಣಿ ಕಣ್ಣು ಮುಚ್ಚಿಕೊಂಡಳು.